ವಾಸಿಯಾದ ಜಾಗ

ಜನವರಿ 9

ಅಕ್ಕಾ,

ಹರಿದು ಹಾಕುವುದಾದರೆ ಹಾಕು, ಆದರೆ ಓದಿ ಹರಿ. ಹನ್ನೊಂದು ವರ್ಷದಲ್ಲಿ ನಾನು ಬರೆದ ಏಳು ಕಾಗದಗಳೂ ಒಡೆಯದೆ ವಾಪಸು ಬಂದವು. ಅವುಗಳಲ್ಲಿ ಇದ್ದದ್ದು ಬರೀ ಕ್ಷಮಿಸು ಅನ್ನುವ ಮಾತು. ಇದರಲ್ಲಿ ಬೇರೆ ವಿಷಯ ಇದೆ.

ನಾನು ಈಗ ಒಂದು ದೊಡ್ಡ ಆಸ್ಪತ್ರೆಯ ಸಂಶೋಧನಾ ವಿಭಾಗದಲ್ಲಿ ಲ್ಯಾಬ್ ಟೆಕ್ನಿಷಿಯನ್. ಅಮ್ಮ ಇದ್ದಿದ್ದರೆ "ಅಷ್ಟು ಓದಿ ಚರ್ಮ ಕುಯ್ಯೋ ಕೆಲಸವಾ" ಅನ್ನುತ್ತಿದ್ದಳು. ನಿಜವಾಗಿ ಅದೇ ಕೆಲಸ. ಜನರ ಮೈಯಿಂದ ತೆಗೆದ ಚರ್ಮದ ಚೂರು ಸಣ್ಣ ಬಾಟಲಿಯಲ್ಲಿ ಬರುತ್ತದೆ. ಅದನ್ನು ಮೇಣದಲ್ಲಿ ಅಚ್ಚು ಹೊಯ್ದು, ಕೂದಲಿಗಿಂತ ತೆಳ್ಳಗೆ ಹೆರೆದು, ಗಾಜಿನ ಮೇಲೆ ಹರಡಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದ ಕೆಳಗೆ ಇಡುತ್ತೇನೆ. ಮೂರು ವರ್ಷದಿಂದ ನೋಡುತ್ತಿರುವುದು ಒಂದೇ ಕಾಯಿಲೆಯ ಚರ್ಮ, ಸೋರಿಯಾಸಿಸ್. ನಮ್ಮ ಮನೆಯಲ್ಲಿ ಅದಕ್ಕೆ ಹೆಸರೇ ಇರಲಿಲ್ಲ. "ಅದು ಕಾಣಿಸ್ತಿದೆ, ತೋಳು ಕೆಳಗೆ ಎಳಕೋ" ಅಂತಿದ್ದೆವು. ಪ್ರಾಯಶ್ಚಿತ್ತಕ್ಕೆ ಈ ಕೆಲಸ ಹಿಡಿದೆ ಅಂದುಕೊಳ್ಳಬೇಡ. ಕೆಲಸ ಖಾಲಿ ಇತ್ತು, ಸೇರಿಕೊಂಡೆ.

ಇಲ್ಲಿ ಒಂದು ಹೊಸ ಇಂಜೆಕ್ಷನ್ನಿನ ಪರೀಕ್ಷೆ ಶುರುವಾಗುತ್ತಿದೆ. ಬಹಳ ವರ್ಷದಿಂದ ಈ ಕಾಯಿಲೆ ಇರುವವರು ಅರವತ್ತು ಜನ ಬೇಕು. ನಿನಗೆ ಹನ್ನೆರಡನೇ ವಯಸ್ಸಿನಿಂದ ಇದೆ, ಈಗ ಮೂವತ್ತೇಳು. ನಿನ್ನ ಊರಿನಿಂದ ಬಸ್ಸಿನಲ್ಲಿ ನಾಲ್ಕು ಗಂಟೆ. ಮದ್ದು, ಡಾಕ್ಟರು, ಓಡಾಟ ಎಲ್ಲ ಅವರದ್ದೇ. ಬದಲಿಗೆ ಎರಡು ಚೂರು ಚರ್ಮ ಕೊಡಬೇಕು, ಒಂದು ಕಲೆ ಇರುವ ಕಡೆಯಿಂದ, ಒಂದು ಇಲ್ಲದ ಕಡೆಯಿಂದ. ಫಾರಂ ಜೊತೆಗೆ ಇಟ್ಟಿದ್ದೇನೆ.

ನೀನು ಬರುವ ದಿನ ನಾನು ರಜೆ ಹಾಕುತ್ತೇನೆ. ನನ್ನ ಮುಖ ನೋಡಬೇಕಾಗಿಲ್ಲ.

ತಮ್ಮ

*

ಜನವರಿ 27

ಏನೆಂದು ಕರೆದು ಶುರು ಮಾಡಬೇಕೋ ಗೊತ್ತಾಗುತ್ತಿಲ್ಲ, ಹಾಗೇ ಶುರು ಮಾಡುತ್ತೇನೆ.

ನಿನ್ನ ಕಾಗದ ಬೇಕೆಂದು ಒಡೆಯಲಿಲ್ಲ. ಅಂಗಡಿಗೆ ಬರುವ ಬಟ್ಟೆ ಕಂಪನಿಗಳ ಕಾಗದದ ಜೊತೆ ಸೇರಿಕೊಂಡಿತ್ತು, ಅಕ್ಷರ ನೋಡದೆ ಕತ್ತರಿ ಆಡಿಸಿಬಿಟ್ಟೆ. ಒಡೆದದ್ದನ್ನು ಪೋಸ್ಟ್‌ಮ್ಯಾನ್ ವಾಪಸು ತಗೊಳ್ಳುವುದಿಲ್ಲ.

ಹಳೆಯ ವಿಷಯವನ್ನು ನೀನು ಬರೆಯುವುದಿಲ್ಲ, ನಾನೇ ಬರೆಯುತ್ತೇನೆ. ನನ್ನ ಮದುವೆಗೆ ಆರು ದಿನ ಇತ್ತು. ಗಂಡಿನ ಮನೆಯವರಿಗೆ ನನ್ನ ಚರ್ಮದ ವಿಷಯ ಗೊತ್ತಿರಲಿಲ್ಲ. ಮದುವೆಯಾದ ಮೇಲೆ ಸಮಯ ನೋಡಿ ನಾನೇ ಹೇಳುವುದು ಅಂತ ಅಮ್ಮನೂ ನಾನೂ ಮಾತಾಡಿಕೊಂಡಿದ್ದೆವು. ನೀನು ನನ್ನನ್ನು ಮದುವೆಯಾಗಬೇಕಿದ್ದ ಆ ಮನುಷ್ಯನ ಬೈಕ್ ಹತ್ತಿ ಎಲ್ಲಿಗೋ ಹೋದೆ, ಬಂದೆ. ಮಾರನೇ ದಿನ ಅವರ ಮನೆಯಿಂದ ಮಾತು ಬಂತು, ಈ ಸಂಬಂಧ ಬೇಡ. "ಬಾಯಿ ತಪ್ಪಿ ಬಂತು ಅಕ್ಕಾ" ಅಂದೆ. ಮದುವೆಗೆಂದು ಹೊಲಿದು ಮಡಚಿಟ್ಟಿದ್ದ ಬಟ್ಟೆಯನ್ನೆಲ್ಲ ನಾನೇ ಕೂತು ಬಿಚ್ಚಿದೆ, ಎರಡು ದಿನ ಹಿಡಿಯಿತು. ಆಮೇಲೆ ಅಮ್ಮ ಹೋದಾಗ ನೀನೂ ನಾನೂ ಆ ಕಡೆ ಈ ಕಡೆ ನಿಂತಿದ್ದೆವು. ನೀನು ಮಾತಾಡಿಸಲು ಬಂದೆ, ನಾನು ಚಪ್ಪಲಿ ಹುಡುಕುವ ನೆಪ ಮಾಡಿ ಹೊರಗೆ ಹೋದೆ.

ಇಷ್ಟು ಬರೆದ ಮೇಲೆ ಕೇಳುತ್ತೇನೆ. ಎಷ್ಟು ದೊಡ್ಡ ಚೂರು? ಕೈಗೆ ಪಟ್ಟಿ ಕಟ್ಟಿದರೆ ಕತ್ತರಿ ಹಿಡಿಯಲು ಆಗುತ್ತದಾ? ಇಂಜೆಕ್ಷನ್ ಏನು ಮಾಡುತ್ತದೆ? ಇಪ್ಪತ್ತೈದು ವರ್ಷದಲ್ಲಿ ಎಣ್ಣೆ, ಮುಲಾಮು, ಪಥ್ಯ, ಉಪ್ಪು ನೀರು ಎಲ್ಲ ಆಗಿದೆ. ಉಪ್ಪು ಬಿಟ್ಟೆ, ಹುಳಿ ಬಿಟ್ಟೆ, ಇನ್ನು ಉಸಿರೊಂದು ಬಿಡುವುದು ಬಾಕಿ ಇತ್ತು. ನೀನು ಮಾತು ತಿರುಗಿಸದೆ ಉತ್ತರ ಬರೆ.

ಹೆಸರು ಹಾಕುವುದಿಲ್ಲ, ಯಾರೆಂದು ಗೊತ್ತಲ್ಲ.

*

ಫೆಬ್ರುವರಿ 3

ಅಕ್ಕಾ,

ಚೂರು ಪೆನ್ಸಿಲ್ಲಿನ ಹಿಂದಿನ ರಬ್ಬರಿಗಿಂತ ಚಿಕ್ಕದು. ಮರಗಟ್ಟುವ ಇಂಜೆಕ್ಷನ್ ಕೊಟ್ಟು ತೆಗೆಯುತ್ತಾರೆ, ಒಂದೋ ಎರಡೋ ಹೊಲಿಗೆ ಬೀಳುತ್ತದೆ. ಆ ಹೊಲಿಗೆ ನೋಡಿ ನೀನು ಖಂಡಿತ ಮೂಗು ಮುರಿಯುತ್ತೀ. ತೊಡೆಯಿಂದಲೋ ಸೊಂಟದಿಂದಲೋ ತೆಗೆಯಿರಿ ಅಂತ ಕೇಳಬಹುದು, ಕತ್ತರಿಗೆ ತೊಂದರೆ ಇಲ್ಲ.

ಇನ್ನು ಒಳಗೆ ಏನಾಗುತ್ತದೆ ಅನ್ನುವುದು. ಎಲ್ಲರ ಚರ್ಮದಲ್ಲೂ ಹೊಸ ಜೀವಕೋಶ ತಳದಲ್ಲಿ ಹುಟ್ಟುತ್ತದೆ, ಮೆಲ್ಲಗೆ ಮೇಲೆ ಬರುತ್ತದೆ, ಬರುತ್ತಾ ಬಲಿಯುತ್ತದೆ, ತನ್ನ ನಡುವಿನ ಬೀಜ ಕಳೆದುಕೊಂಡು ಚಪ್ಪಟೆಯಾಗಿ ಉದುರುತ್ತದೆ. ಇದಕ್ಕೆ ಹೆಚ್ಚುಕಮ್ಮಿ ಒಂದು ತಿಂಗಳು ಬೇಕು. ಸೋರಿಯಾಸಿಸ್ ಇರುವ ಜಾಗದಲ್ಲಿ ಅದೇ ಕೆಲಸ ನಾಲ್ಕೈದು ದಿನಕ್ಕೆ ಮುಗಿಯುತ್ತದೆ. ಕಾಜ ಹಾಕದೆ, ಗುಂಡಿ ಹೊಲಿಯದೆ ಅಂಗಡಿಯಿಂದ ಹೊರಗೆ ಕಳಿಸಿದ ಅಂಗಿಯ ಹಾಗೆ ಜೀವಕೋಶಗಳು ಹಸಿಹಸಿಯಾಗಿ ಮೇಲೆ ಬಂದು ರಾಶಿ ಬೀಳುತ್ತವೆ. ನೀನು ಬೆಳಿಗ್ಗೆ ಹಾಸಿಗೆಯಿಂದ ಕೊಡವುತ್ತಿದ್ದ ಬಿಳಿ ಪುಡಿ ಅದೇ. ನಾನು ಗಾಜಿನ ಮೇಲೆ ನೋಡಿದರೆ ಒಂದೊಂದು ಹೊಟ್ಟಿನಲ್ಲೂ ಬೀಜ ಹಾಗೇ ಇರುತ್ತದೆ. ಕೆಳಗೆ ರಕ್ತದ ಸಣ್ಣ ನಾಳಗಳು ಸುರುಳಿ ಸುತ್ತಿಕೊಂಡು ಮೇಲಿನವರೆಗೂ ಬಂದಿರುತ್ತವೆ. ಉಗುರು ತಾಗಿದರೆ ಚುಕ್ಕಿಚುಕ್ಕಿಯಾಗಿ ರಕ್ತ ಬರುತ್ತಿದ್ದದ್ದು ಅದಕ್ಕೇ.

ಅವಸರ ಮಾಡಿಸುವವರು ಯಾರು ಅಂದರೆ, ನಮ್ಮನ್ನು ಕಾಯಬೇಕಾದ ಬಿಳಿ ರಕ್ತಕಣಗಳೇ. ಶತ್ರು ನುಗ್ಗಿದ್ದಾನೆ ಅಂತ ಅವು ಚರ್ಮಕ್ಕೆ ಬಂದು ಕೂತಿವೆ. ಶತ್ರುವೇ ಇಲ್ಲ. ಅವು ರಾಸಾಯನಿಕದ ಸಂದೇಶ ಕಳಿಸುತ್ತಲೇ ಇರುತ್ತವೆ. ಅದರಲ್ಲಿ ಮುಖ್ಯವಾದದ್ದಕ್ಕೆ ಇಂಟರ್‌ಲ್ಯೂಕಿನ್ ಹದಿನೇಳು ಅಂತ ಹೆಸರು. ಹದಿನೇಳು ಸಿಕ್ಕ ಚರ್ಮದ ಕೋಶ ಗಾಬರಿಯಾಗಿ ಬೇಗ ಬೇಗ ಹೆಚ್ಚುತ್ತದೆ, ಹೆಚ್ಚುತ್ತಾ "ಇನ್ನೂ ಜನ ಬನ್ನಿ" ಅಂತ ತಾನೂ ಸಂದೇಶ ಕಳಿಸುತ್ತದೆ. ಇವರು ಕೂಗಿದ್ದಕ್ಕೆ ಅವರು ಬರುವುದು, ಅವರು ಬಂದದ್ದಕ್ಕೆ ಇವರು ಕೂಗುವುದು. ಈ ಇಂಜೆಕ್ಷನ್ ಹದಿನೇಳನ್ನು ದಾರಿಯಲ್ಲೇ ತಡೆಯುತ್ತದೆ. ನೀನು ತಿಂದದ್ದರಿಂದ ಬಂದದ್ದಲ್ಲ ಅಕ್ಕಾ. ಕೊಳಕಿನಿಂದಲೂ ಅಲ್ಲ. ಅಮ್ಮ ನಿನಗೆ ದಿನಕ್ಕೆ ಎರಡು ಸಲ ತಿಕ್ಕಿ ತಿಕ್ಕಿ ಸ್ನಾನ ಮಾಡಿಸಿದ್ದು ದಂಡ.

ನೀನು ನನ್ನ ಅಕ್ಕ ಅಂತ ನಮ್ಮ ಮೇಡಂಗೆ ಮೊದಲೇ ಹೇಳಿದ್ದೇನೆ. ಬಾಟಲಿಯ ಮೇಲೆ ನಂಬರ್ ಮಾತ್ರ ಇರುತ್ತದೆ, ನಿನ್ನದು ಬೇರೆಯವರ ಕೈಗೆ ಹೋಗುತ್ತದೆ. ಇನ್ನೊಂದು ವಿಷಯ ಮುಚ್ಚಿಡಬಾರದು. ಅರವತ್ತು ಜನರಲ್ಲಿ ಕೆಲವರಿಗೆ ಮದ್ದು, ಕೆಲವರಿಗೆ ಬರೀ ನೀರು. ಯಾರಿಗೆ ಯಾವುದು ಅಂತ ಡಾಕ್ಟರಿಗೂ ಗೊತ್ತಿರುವುದಿಲ್ಲ.

ನಿನ್ನ ತಮ್ಮ

*

ಫೆಬ್ರುವರಿ 24

ಮೇಡಂಗೂ ಹೇಳಿಬಿಟ್ಟೆಯಾ! ಅಲ್ಲಿಯೂ ಬಿಡಲಿಲ್ಲ ನೀನು.

ಮೊನ್ನೆ ಬಂದಿದ್ದೆ. ಎಲ್ಲಾ ಹಾಳಾಯಿತು. ನಿನ್ನನ್ನು ಬೈಯೋಣ ಅಂದರೆ ತಪ್ಪು ನನ್ನದೇ, ಅದಕ್ಕೆ ಇನ್ನೂ ಸಿಟ್ಟು.

ಡಾಕ್ಟರಿಗೆ ತೋರಿಸಲು ಹೋಗುವವಳು ಹಾಗೇ ಹೋಗುತ್ತೇನಾ? ಬಸ್ ಹತ್ತುವ ಹಿಂದಿನ ವಾರವೆಲ್ಲ ದಿನಾ ಮುಲಾಮು ಬಳಿದೆ. ಬಿಸಿನೀರಲ್ಲಿ ಕೈಕಾಲು ನೆನೆಸಿ ಹೊಟ್ಟೆಲ್ಲ ಮೆತ್ತಗೆ ಮಾಡಿ ಉಜ್ಜಿ ತೆಗೆದೆ. ಹೊರಡುವ ದಿನ ಬೆಳಿಗ್ಗೆ ಇನ್ನೊಂದು ಸಲ ಎಣ್ಣೆ. ಇಸ್ತ್ರಿ ಮಾಡಿದ ಉದ್ದ ತೋಳಿನ ಬಟ್ಟೆ ಹಾಕಿಕೊಂಡು, ಮನೆಗೆ ನೆಂಟರು ಬರುವಾಗ ಗುಡಿಸಿ ಒರೆಸಿಟ್ಟ ಹಾಗೆ ಇಟ್ಟುಕೊಂಡು ಹೋದೆ. ಡಾಕ್ಟರಮ್ಮ ಮೊಣಕೈ ನೋಡಿದರು, ಮಂಡಿ ನೋಡಿದರು, ಬೆನ್ನು ನೋಡಿದರು. ಅಳತೆ ಪಟ್ಟಿ ಹಿಡಿದು ಏನೋ ಲೆಕ್ಕ ಹಾಕಿದರು.

"ಇಷ್ಟೇನಾ?" ಅಂದರು.

"ಇಷ್ಟೇನಾ ಅಂದ್ರೆ?"

"ಫಾರಂನಲ್ಲಿ ತುಂಬಾ ಇದೆ ಅಂತ ಬರೆದಿದ್ದೀರಲ್ಲ. ಏನಾದ್ರೂ ಹಚ್ಕೊಂಡ್ರಾ?"

ಹೌದು ಅಂದೆ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಅಮ್ಮಾ, ಕಾಯಿಲೆ ನೋಡೋಕೆ ಕರೆದರೆ ಕಾಯಿಲೆಯನ್ನ ಮನೇಲಿ ಬಿಟ್ಟು ಬಂದಿದ್ದೀರಲ್ಲ" ಅಂದರು. ಈಗ ನಾಲ್ಕು ವಾರ ಏನೂ ಹಚ್ಚಬಾರದಂತೆ. ಎಣ್ಣೆಯೂ ಇಲ್ಲ, ಉಜ್ಜುವುದೂ ಇಲ್ಲ. ಹಾಗೇ ಬಿಟ್ಟುಕೊಂಡು ಮತ್ತೆ ಬರಬೇಕಂತೆ.

ನಾನು ಹೊಲಿಗೆ ಅಂಗಡಿಯಲ್ಲಿ ಅಳತೆ ತೆಗೆಯುವವಳು ಕಣೋ. ದಿನಕ್ಕೆ ಹದಿನೈದು ಜನರ ಕತ್ತು, ತೋಳು, ಸೊಂಟ ಸುತ್ತಿ ಟೇಪು ಹಿಡಿಯುವವಳು. ಮುಲಾಮಿಲ್ಲದೆ ನಾಲ್ಕು ದಿನ ಕಳೆದರೆ ಅಂಗೈ ಹಿಂಭಾಗಕ್ಕೂ ಬರುತ್ತದೆ. ನಿನಗೇನು, ಗಾಜಿನ ಚೂರು ಮಾತಾಡುವುದಿಲ್ಲ, ನಿನ್ನ ಕೈ ನೋಡಿ ಹಿಂದೆ ಸರಿಯುವುದಿಲ್ಲ. ನನ್ನಿಂದ ಆಗುವುದಿಲ್ಲ. ಬೇರೆ ಯಾರನ್ನಾದರೂ ನೋಡಿಕೊಳ್ಳಿ.

ಅಕ್ಕ

*

ಮಾರ್ಚ್ 1

ಅಕ್ಕಾ,

ಕಾಗದದ ಕೊನೆಗೆ 'ಅಕ್ಕ' ಅಂತ ಬರೆದಿದ್ದೀ. ಬೈಗುಳವನ್ನೆಲ್ಲ ಬಿಟ್ಟು ಅದೊಂದನ್ನೇ ನಾಲ್ಕು ಸಲ ಓದಿದೆ.

ಬಲವಂತ ಮಾಡುವುದಿಲ್ಲ. ಯಾಕೆ ಹಚ್ಚಬಾರದು ಅನ್ನುವುದನ್ನು ಮಾತ್ರ ಹೇಳುತ್ತೇನೆ. ಆ ಮುಲಾಮು ಬಿಳಿ ರಕ್ತಕಣಗಳ ಬಾಯಿ ಸ್ವಲ್ಪ ದಿನ ಮುಚ್ಚಿಸುತ್ತದೆ. ಆಗ ತೆಗೆದ ಚೂರಿನಲ್ಲಿ ಹದಿನೇಳೂ ಕಡಿಮೆ ಕಾಣುತ್ತದೆ, ಚರ್ಮವೂ ತೆಳ್ಳಗಿರುತ್ತದೆ. ನಾವು ಅದನ್ನೇ ನಿಜ ಅಂತ ಬರೆದುಕೊಳ್ಳುತ್ತೇವೆ. ಹೋದ ವರ್ಷ ಇನ್ನೊಂದು ಮದ್ದಿನ ಪರೀಕ್ಷೆಗೆ ಹೀಗೇ ಆರು ಜನ ಚೆನ್ನಾಗಿ ತಯಾರಾಗಿ ಬಂದಿದ್ದರಂತೆ. ಕಾಯಿಲೆ ತೋರಿಸುವಾಗಲೂ ಚೊಕ್ಕಟವಾಗಿ ಕಾಣಬೇಕು ಅನ್ನುವುದು ನಿನಗೊಬ್ಬಳಿಗೇ ಅಲ್ಲ.

ನಾಲ್ಕು ವಾರ ನಿನಗೆ ಎಂಥ ಕಷ್ಟ ಅಂತ ನನಗೆ ಗೊತ್ತಿಲ್ಲ. ಗೊತ್ತಿದೆ ಅಂತ ಬರೆದರೆ ಸುಳ್ಳಾಗುತ್ತದೆ. ಈ ತಿಂಗಳ ಇಪ್ಪತ್ತಕ್ಕೆ ನಿನ್ನ ಹೆಸರು ತೆಗೆಯದೆ ಇಟ್ಟಿದ್ದಾರೆ.

ನಿನ್ನ ತಮ್ಮ

*

ಮಾರ್ಚ್ 23

ಹೋಗಿ ಬಂದೆ. ಎರಡು ಚೂರೂ ಕೊಟ್ಟೆ, ಮೊದಲ ಇಂಜೆಕ್ಷನ್ನೂ ಆಯಿತು. ಹೊಲಿಗೆ ಹಾಕಿದವನಿಗೆ ಗಂಟು ಹಾಕಲು ಬರುವುದಿಲ್ಲ. ಇಷ್ಟನ್ನು ಮೊದಲು ಬರೆದೆ, ನಿನಗೆ ಉಸಿರು ಬರಲಿ ಅಂತ.

ಈಗ ಆ ನಾಲ್ಕು ವಾರದ ಕಥೆ. ನಾನು ಎಂಟು ವರ್ಷದಿಂದ ಅಂಗಡಿಯಲ್ಲಿ ಕಪ್ಪು ಬಟ್ಟೆ ಮುಟ್ಟಿಲ್ಲ. ಮೈಯಿಂದ ಬೀಳುವುದು ಕಪ್ಪಿನ ಮೇಲೆ ಎದ್ದು ಕಾಣುತ್ತದಲ್ಲ. ಅಂಗಡಿ ಯಜಮಾನರಿಗೆ "ಕಪ್ಪು ದಾರ ಕಪ್ಪು ಬಟ್ಟೆ ಮೇಲೆ ನನ್ನ ಕಣ್ಣಿಗೆ ಕಾಣಲ್ಲ" ಅಂತ ಹೇಳಿ, ಬಿಳಿ, ಹಳದಿ, ಹೂವಿನ ಬಟ್ಟೆ ಎಲ್ಲ ನಾನು ಇಟ್ಟುಕೊಂಡು ಕಪ್ಪನ್ನು ಬೇರೆಯವರಿಗೆ ದಾಟಿಸುತ್ತಿದ್ದೆ. ನನ್ನ ಗ್ರಹಚಾರಕ್ಕೆ ಇದೇ ತಿಂಗಳು ಒಂದು ಹೋಟೆಲಿನವರು ನಲವತ್ತು ಕಪ್ಪು ಕೋಟು ಹೊಲಿಯಲು ಕೊಟ್ಟರು. ಯಜಮಾನರು "ಎದುರಿನ ಕನ್ನಡಕದಂಗಡಿಗೆ ಹೋಗಿ ಕಣ್ಣು ತೋರಿಸ್ಕೊಂಡು ಬಾಮ್ಮ, ನಾಳೆಯಿಂದ ಎಲ್ಲರಿಗೂ ಕಪ್ಪೇ ಗತಿ" ಅಂದರು.

ಹೋದೆ, ಇನ್ನೇನು ಮಾಡಲಿ. ಕನ್ನಡಕದಂಗಡಿಯವರು ನಲವತ್ತು ದಾಟಿದವರು, ಹೆಂಡತಿ ತೀರಿಕೊಂಡು ಬಹಳ ವರ್ಷ ಆಗಿದೆ ಅಂತ ಕೇಳಿದ್ದೆ. ಅಕ್ಷರದ ಹಲಗೆ ತೋರಿಸಿದರು. ಸುಳ್ಳು ಹೇಳಲು ಮರೆತು ಕೊನೆಯ ಸಾಲಿನವರೆಗೂ ಓದಿದೆ, ಅದರ ಕೆಳಗೆ ಹಲಗೆ ಅಚ್ಚು ಹಾಕಿದವರ ವಿಳಾಸವಿತ್ತು, ಅದನ್ನೂ ಓದಿದೆ. "ನಿಮಗೆ ಕನ್ನಡಕ ಮಾರಿದರೆ ನನಗೆ ಪಾಪ ಸುತ್ತಿಕೊಳ್ಳುತ್ತೆ" ಅಂದರು. "ಯಜಮಾನರು ಕೇಳಿದ್ರೆ ಏನು ಹೇಳಲಿ?" ಅಂದೆ. ಯಾಕೆ ಅಂತ ಕೇಳಲಿಲ್ಲ. "ನಂಬರ್ ಇಲ್ಲದ ಗಾಜು ಹಾಕಿ ಒಂದು ಫ್ರೇಮ್ ಕೊಡ್ತೀನಿ, ಅದರಲ್ಲೂ ಕಾಣಿಸಲಿಲ್ಲ ಅಂತ ಹೇಳಿ" ಅಂದರು. ಇಬ್ಬರೂ ನಕ್ಕೆವು. ಅಷ್ಟು ನಕ್ಕು ಎಷ್ಟು ದಿನ ಆಗಿತ್ತೋ.

ಆದರೆ ಫ್ರೇಮ್ ತಗೊಳ್ಳಲಿಲ್ಲ. ಕಪ್ಪು ಕೋಟಿಗೆ ಕೂತೆ. ಮೂರನೇ ವಾರ ಹೋಟೆಲಿನ ಮ್ಯಾನೇಜರ್ ಟ್ರಯಲ್‌ಗೆ ಬಂದ. ಗುಂಡುಸೂಜಿ ಚುಚ್ಚಿದ ಕೋಟು ಅವನ ಮೈಮೇಲಿತ್ತು, ನಾನು ಭುಜ ಸರಿಮಾಡುತ್ತಿದ್ದೆ. ನನ್ನ ಮುಂಗೈಯಿಂದ ಬಿಳಿ ಹೊಟ್ಟು ಅವನ ಭುಜದ ಮೇಲೆ ಉದುರಿತು.

"ಸೀಮೆಸುಣ್ಣ ಬಿತ್ತು ನೋಡಿ" ಅಂತ ಕೊಡವಿಕೊಂಡ.

ಇಷ್ಟು ವರ್ಷ ಸೀಮೆಸುಣ್ಣವೇ ನನ್ನನ್ನು ಕಾಪಾಡಿದ್ದು. ಹೊಟ್ಟು ಬಿದ್ದ ಕಡೆ ಬೇಕೆಂದು ಒಂದು ಗೀಟು ಎಳೆದು ಒರೆಸಿಬಿಡುತ್ತಿದ್ದೆ. ಅವತ್ತು ಸೀಮೆಸುಣ್ಣ ಮೇಜಿನ ಆ ತುದಿಯಲ್ಲಿತ್ತು. ಸಾಕಾಗಿಹೋಗಿತ್ತು ನನಗೆ.

"ಸೀಮೆಸುಣ್ಣ ಅಲ್ಲ ಸಾರ್, ನನ್ನ ಚರ್ಮ" ಅಂದೆ.

ಅಂಗಡಿಯಲ್ಲಿ ನಾಲ್ಕು ಹೊಲಿಗೆ ಯಂತ್ರ ಇವೆ, ನಾಲ್ಕೂ ನಿಂತವು.

"ಅಂಟುತ್ತಾ?" ಅಂತ ಒಂದು ಹೆಜ್ಜೆ ಹಿಂದೆ ಹೋದ, ಕಂಕುಳಲ್ಲಿದ್ದ ಸೂಜಿ ಚುಚ್ಚಿ "ಅಯ್ಯೋ" ಅಂದ. "ಅದು ಅಂಟಲ್ಲ, ಆದ್ರೆ ಸೂಜಿ ಚುಚ್ಚುತ್ತೆ, ಅಲ್ಲಾಡಬೇಡಿ" ಅಂದೆ. ಯಜಮಾನರು ಕತ್ತರಿಸುವ ಮೇಜಿನಿಂದ ತಲೆ ಎತ್ತದೆ, "ಹೊಲಿಗೆ ನೋಡಿ ಸಾರ್, ಹೊಲಿಗೆ" ಅಂದರು. ಯಂತ್ರಗಳು ಮತ್ತೆ ಓಡಿದವು. ಅವತ್ತು ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಮಾರನೇ ದಿನ ತೋಳು ಮಡಚಿ ಕೆಲಸ ಮಾಡಿದೆ, ಸೆಖೆ ಇತ್ತು.

ನಾನು ಅಂಗಡಿಯವರಿಗೆಲ್ಲ ನನ್ನದನ್ನು ತೋರಿಸಿದ್ದೇನೆ. ನೀನು ಹನ್ನೊಂದು ವರ್ಷದಿಂದ 'ಬಾಯಿ ತಪ್ಪಿ' ಅನ್ನುವ ಒಂದೇ ಮುಲಾಮು ಹಚ್ಚಿಕೊಂಡು ಕೂತಿದ್ದೀ. ನೀನೂ ತೆಗೆದು ತೋರಿಸು.

ಅಕ್ಕ

*

ಏಪ್ರಿಲ್ 2

ಅಕ್ಕಾ,

ಬಾಯಿ ತಪ್ಪಲಿಲ್ಲ.

ಪೆಟ್ರೋಲ್ ಹಾಕಿಸಲು ಬೈಕ್ ನಿಲ್ಲಿಸಿದ್ದರು. ಅವರು ಏನೂ ಕೇಳಿರಲಿಲ್ಲ. ನಾನೇ "ನಿಮಗೊಂದು ವಿಷಯ ಗೊತ್ತಿರಬೇಕು" ಅಂತ ಶುರು ಮಾಡಿದೆ. ಅವರಿಗೆ ಗೊತ್ತಿಲ್ಲ ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಹೇಳುವಾಗ ಮುಖ ನೋಡಲಿಲ್ಲ, ಪಂಪಿನ ಮೇಲೆ ತಿರುಗುವ ನಂಬರ್ ನೋಡುತ್ತಿದ್ದೆ.

ಸುಳ್ಳಿನ ಮೇಲೆ ಮದುವೆ ಆಗಬಾರದು, ನಿನ್ನ ಒಳ್ಳೆಯದಕ್ಕೇ ಹೇಳಿದೆ ಅಂತ ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಅದೂ ನಿಜವಲ್ಲ. ಅವರು ನನ್ನನ್ನು ಹುಡುಗ ಅಂತ ನೋಡದೆ ಸರಿಸಮಾನವಾಗಿ ಮಾತಾಡಿಸುತ್ತಿದ್ದರು. ನನಗೆ ಇಪ್ಪತ್ತು ವರ್ಷ. ಮದುವೆಯಾದ ವಾರಕ್ಕೆ ಅವರಿಗೆ ಗೊತ್ತಾಗುತ್ತದೆ, ಆಗ ನನ್ನ ಕಡೆ ತಿರುಗಿ "ನಿನಗೂ ಗೊತ್ತಿತ್ತಲ್ವಾ?" ಅಂತ ಕೇಳುತ್ತಾರೆ. ಆ ಪ್ರಶ್ನೆಗೆ ಹೆದರಿದೆ. ನನ್ನ ಮುಖ ಉಳಿಸಿಕೊಳ್ಳಲು ಹೇಳಿದೆ. ನಿನ್ನ ಮುಖದ ಯೋಚನೆ ಬರಲಿಲ್ಲ.

ಆರು ದಿನ ಇತ್ತು. "ಅಕ್ಕಾ, ನೀನು ಹೇಳ್ತೀಯಾ, ನಾನು ಹೇಳಲಾ" ಅಂತ ಒಂದು ಮಾತು ನಿನ್ನನ್ನು ಕೇಳಬಹುದಿತ್ತು. ಪಕ್ಕದ ಕೋಣೆಯಲ್ಲೇ ಇದ್ದೆ ನೀನು, ಯಂತ್ರದ ಸದ್ದು ಕೇಳುತ್ತಿತ್ತು. ಕೇಳಲಿಲ್ಲ.

ಇದಕ್ಕೆ ಉತ್ತರ ಬರೆಯಲೇಬೇಕು ಅಂತಿಲ್ಲ.

ತಮ್ಮ

*

ಜುಲೈ 15

ನಿನ್ನ ಕಾಗದ ಓದಿ ಯಂತ್ರದ ಡ್ರಾಯರಿನಲ್ಲಿ ಇಟ್ಟೆ. ದಾರದ ಉಂಡೆ ತೆಗೆಯುವಾಗಲೆಲ್ಲ ಕೈಗೆ ತಾಗುತ್ತದೆ. ಅದರ ಬಗ್ಗೆ ಏನು ಬರೆಯಬೇಕು ಅಂತ ಮೂರು ತಿಂಗಳು ಯೋಚಿಸಿದೆ, ಗೊತ್ತಾಗಲಿಲ್ಲ. ಸಿಟ್ಟು ಇನ್ನೂ ಇದೆ. ಆದರೆ ಮೊದಲ ಸಲ ನೀನು ನನಗೆ ನಿಜ ಹೇಳಿದೆ ಅನ್ನುವುದೂ ಇದೆ. ಎರಡೂ ಅಲ್ಲೇ ಇರಲಿ.

ಈಗ ಕೂತುಕೋ. ನನಗೆ ಬಂದದ್ದು ನೀರಲ್ಲ ಕಣೋ, ಮದ್ದೇ ಇರಬೇಕು! ಎರಡನೇ ಇಂಜೆಕ್ಷನ್ ಆದ ಮೇಲೆ ಉದುರುವುದು ನಿಂತಿತು. ಮೂರನೆಯದಕ್ಕೆ ದಪ್ಪ ಇಳಿಯಿತು. ಈಗ ಮೊಣಕೈ ಮೇಲೆ ಬರೀ ಒಂದು ಮಂಕು ನೆರಳು, ಅದೂ ನಾನು ಬೆಳಕಿಗೆ ಹಿಡಿದು ಹುಡುಕಿದರೆ ಮಾತ್ರ. ಹಾಸಿಗೆ ಕೊಡವಿದರೆ ಏನೂ ಬೀಳುವುದಿಲ್ಲ. ಆದರೂ ದಿನಾ ಕೊಡವುತ್ತೇನೆ, ಏನೂ ಬೀಳದೇ ಇರುವುದನ್ನು ನೋಡಲು. ಮೂರು ಅರ್ಧ ತೋಳಿನ ರವಿಕೆ ಹೊಲಿದುಕೊಂಡೆ. ಯಜಮಾನರು "ಬಟ್ಟೆ ಉಳಿತಾಯ" ಅಂದರು.

ಇನ್ನೊಂದು ವಿಷಯ. ಕನ್ನಡಕದಂಗಡಿಯವರು ಅಂದೆನಲ್ಲ. ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು ಬಂದರು. ಮರುವಾರ ಅದೇ ಪ್ಯಾಂಟಿನ ಉದ್ದ ಬಿಡಿಸಲು ಬಂದರು. ಮೂರನೇ ಸಲ ಪ್ಯಾಂಟು ತರಲಿಲ್ಲ, ಬರೀ ಬಂದರು. ಹೋದ ಭಾನುವಾರ ಚಹಾ ಕುಡಿಯುವಾಗ ಕೇಳಿಯೇಬಿಟ್ಟರು, ಮದುವೆಯ ಮಾತು. ಯೋಚನೆ ಮಾಡಿ ಹೇಳ್ತೀನಿ ಅಂದೆ. ಯೋಚನೆ ಮಾಡುವುದೇನೂ ಇಲ್ಲ, ನನಗೆ ಅವರು ಇಷ್ಟ.

ಅವರಿಗೆ ಏನೂ ಗೊತ್ತಿಲ್ಲ, ನಮ್ಮ ಅಂಗಡಿಯವರೂ ಹೇಳಿಲ್ಲ. ಮಾರ್ಚಿನಲ್ಲಿ ಅವರು ನೋಡಿದಾಗ ಉದ್ದ ತೋಳಿತ್ತು. ಈಗ ಹೇಳಲು ಏನೂ ಉಳಿದಿಲ್ಲವಲ್ಲ? ಅದು ಹೋಯಿತು. ಇಲ್ಲದ್ದನ್ನು ಹೇಳುವುದು ಹೇಗೆ? ಗಾಜಿನ ಕೆಳಗೆ ನೋಡುವವನು ನೀನು. ಹೋಯಿತು ಅಂತ ನೀನೊಂದು ಸಾಲು ಬರೆ, ನಾನು ಅವರಿಗೆ ಹೂಂ ಅನ್ನುತ್ತೇನೆ.

ಅಕ್ಕ

*

ಜುಲೈ 22

ಅಕ್ಕಾ,

ಈ ಕಾಗದ ಮೂರು ಸಲ ಬರೆದೆ. ಒಂದರಲ್ಲಿ 'ಹೋಯಿತು' ಅಂತಲೇ ಬರೆದಿದ್ದೆ. ಮಡಚಿ ಕವರಿಗೂ ಹಾಕಿದ್ದೆ. ಅಂಟು ಹಚ್ಚಲು ಆಗಲಿಲ್ಲ.

ನಿನ್ನ ಸ್ಲೈಡ್ ನಾನು ನೋಡಿಲ್ಲ. ಆದರೆ ವಾಸಿಯಾದವರ ಚರ್ಮ ಬಹಳ ನೋಡಿದ್ದೇನೆ. ಬರಿಗಣ್ಣಿಗೆ ಏನೂ ಕಾಣದ ಜಾಗವದು. ಮೇಲ್ಪದರ ತೆಳ್ಳಗಾಗಿರುತ್ತದೆ, ರಕ್ತನಾಳ ಇಳಿದಿರುತ್ತವೆ, ಎಲ್ಲ ಸರಿ. ಬಣ್ಣ ಹಾಕಿ ಹುಡುಕಿದರೆ ಅಲ್ಲಲ್ಲಿ ಕೆಲವು ಬಿಳಿ ರಕ್ತಕಣ ಸುಮ್ಮನೆ ಕೂತಿರುತ್ತವೆ. ಗಲಾಟೆ ಮುಗಿದರೂ ಅವು ಮನೆಗೆ ಹೋಗಿಲ್ಲ. ಅವುಗಳನ್ನು ನೆನಪಿನ ಕಣ ಅಂತಲೇ ಕರೆಯುತ್ತೇವೆ. ಮದ್ದು ನಿಲ್ಲಿಸಿದರೆ ಹೆಚ್ಚಿನವರಿಗೆ ಕಲೆ ಮತ್ತೆ ಬರುತ್ತದೆ, ಹಿಂದೆ ಇದ್ದ ಜಾಗದಲ್ಲೇ ಬರುತ್ತದೆ. ಅಲ್ಲಿನ ಜೀನ್‌ಗಳಲ್ಲಿ ಹೆಚ್ಚಿನವು ಮೊದಲಿನಂತೆ ಕೆಲಸ ಮಾಡುತ್ತವೆ, ಕೆಲವು ಮಾಡುವುದಿಲ್ಲ. ಆ ಚರ್ಮ ಚೆನ್ನಾಗಿದೆ, ಆದರೆ ಎಂದೂ ಕಾಯಿಲೆ ಬರದ ಚರ್ಮದ ಹಾಗಿಲ್ಲ.

ಮದ್ದು ಮುಂದುವರಿದರೆ ವರ್ಷಗಟ್ಟಲೆ ಹೀಗೇ ಇರಬಹುದು. ಹಾಗೆ ಇರುವವರು ಬೇಕಾದಷ್ಟು ಜನ ಇದ್ದಾರೆ. ನಿನ್ನ ಖುಷಿ ಸುಳ್ಳಲ್ಲ ಅಕ್ಕಾ, ಅರ್ಧ ತೋಳೂ ಸುಳ್ಳಲ್ಲ. 'ಹೋಯಿತು' ಅನ್ನುವುದು ಮಾತ್ರ ನಿಜವಲ್ಲ.

ಇದನ್ನು ನಿನಗೆ ಹೇಳುತ್ತಿದ್ದೇನೆ, ನಿನಗೊಬ್ಬಳಿಗೇ. ಅವರಿಗೆ ಹೇಳುವುದೋ ಬಿಡುವುದೋ ನಿನಗೆ ಸೇರಿದ್ದು. ಅವರು ನಾಳೆ ನನ್ನ ಎದುರು ಬಂದು ನಿಂತು ಕೇಳಿದರೂ "ಅಕ್ಕನನ್ನು ಕೇಳಿ" ಅನ್ನುತ್ತೇನೆ.

ನಿನ್ನ ತಮ್ಮ

*

ಜುಲೈ 29

ಒಂದು ಸಾಲು ಕೇಳಿದ್ದೆ. ಒಂದೇ ಒಂದು ಸಾಲು. ನಿನ್ನ ಕೈಯಲ್ಲಿ ಅಷ್ಟೂ ಆಗಲಿಲ್ಲ.

ಎರಡನೇ ಸಲ ಕಣೋ ಇದು.

*

ಆಗಸ್ಟ್ 20

ಅಕ್ಕಾ,

ಉತ್ತರ ಬರಲಿಲ್ಲ. ಆಗಸ್ಟಿನ ಇಂಜೆಕ್ಷನ್ನಿಗೆ ಬಂದಿದ್ದೀ ಅಂತ ಕೌಂಟರಿನಲ್ಲಿ ಹೇಳಿದರು, ಅಷ್ಟು ಸಾಕು. ಬಿಡಬೇಡ. ನನ್ನ ಮೇಲಿನ ಸಿಟ್ಟಿಗೆ ಮದ್ದು ಬಿಡಬೇಡ.

ತಮ್ಮ

*

ಸೆಪ್ಟೆಂಬರ್ 12

ತಮ್ಮಾ,

ಬಹಳ ಬೈದುಕೊಂಡೆ ನಿನ್ನನ್ನು. ಅಳತೆ ತೆಗೆಯುವಾಗ, ಕಾಜ ಹಾಕುವಾಗ, ಬಸ್ಸಿನಲ್ಲಿ, ನಾಲ್ಕು ಗಂಟೆಯ ದಾರಿಯೂ ಸಾಕಾಗಲಿಲ್ಲ. ಹೇಳದೇ ಮದುವೆಯಾಗಿಬಿಡುವುದು ಅಂತ ಎರಡು ಸಲ ತೀರ್ಮಾನ ಮಾಡಿದೆ. ಕನ್ನಡಿಯ ಮುಂದೆ ನಿಂತು ತೋಳು ನೋಡಿಕೊಂಡೆ. ಯಾರು ಕಂಡುಹಿಡಿಯುತ್ತಾರೆ? ತಿಂಗಳಿಗೊಂದು ಇಂಜೆಕ್ಷನ್ ಯಾಕೆ ಅಂದರೆ ರಕ್ತ ಕಡಿಮೆ ಅಂತ ಹೇಳಿದರಾಯಿತು. ಹಾಗೆ ಏನೇನು ಹೇಳಬೇಕಾಗುತ್ತದೆ ಅಂತ ಒಂದೊಂದಾಗಿ ಯೋಚಿಸುತ್ತಾ ಹೋದೆ. ಕಪ್ಪು ದಾರ ಕಾಣುವುದಿಲ್ಲ ಅಂತ ಎಂಟು ವರ್ಷ ಹೇಳಿದವಳಿಗೆ ಅದೆಲ್ಲ ಗೊತ್ತಿರುವ ಕೆಲಸವೇ. ಯೋಚಿಸಿದಷ್ಟೂ ಸುಸ್ತಾಯಿತು.

ಹೋದ ಶನಿವಾರ ಅವರ ಅಂಗಡಿಗೆ ಹೋದೆ. ಮಧ್ಯಾಹ್ನ, ಗಿರಾಕಿ ಯಾರೂ ಇರಲಿಲ್ಲ. ಗಾಜಿನ ಕಪಾಟು ಒರೆಸುತ್ತಿದ್ದರು.

"ಕೂತ್ಕೊಳ್ಳಿ, ಚಹಾ ಹೇಳ್ತೀನಿ" ಅಂದರು.

"ಚಹಾ ಆಮೇಲೆ. ಮೊದಲು ನಾನೊಂದು ವಿಷಯ ಹೇಳ್ಬೇಕು."

ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದೆ. ಅದನ್ನೆಲ್ಲ ಬಿಟ್ಟು ತೋಳು ಮೇಲೆ ಮಾಡಿ ಮೊಣಕೈ ತೋರಿಸಿದೆ.

"ಏನು ಕಾಣ್ತಿದೆ?"

ಕನ್ನಡಕ ಸರಿಮಾಡಿಕೊಂಡು ನೋಡಿದರು. "ಏನೂ ಇಲ್ವಲ್ಲ."

"ಇತ್ತು. ಇಪ್ಪತ್ತೈದು ವರ್ಷ ಇತ್ತು. ಸೋರಿಯಾಸಿಸ್. ಈಗ ಕಾಣಲ್ಲ, ಆದ್ರೆ ಹೋಗಿಲ್ಲ. ಮದ್ದು ನಿಂತರೆ ಇಲ್ಲೇ ಬರುತ್ತೆ, ಇಲ್ಲಿ, ಮಂಡಿಲಿ, ಬೆನ್ನ ಮೇಲೆ. ಅಂಟಲ್ಲ. ಕಪ್ಪು ಬಟ್ಟೆ ಹೊಲಿಯೋಕೆ ಹೆದರ್ತಿದ್ದದ್ದು ಇದಕ್ಕೇ, ಕಣ್ಣಿಗಲ್ಲ."

ಅವರು ಒರೆಸುವ ಬಟ್ಟೆ ಮಡಚಿದರು, ಬಿಡಿಸಿದರು, ಮತ್ತೆ ಮಡಚಿದರು. ಆಮೇಲೆ, "ಬಂದಾಗ ನೋವಾಗುತ್ತಾ?" ಅಂತ ಕೇಳಿದರು. ಈ ಕಾಯಿಲೆ ನೋಡಿದವರು ಮೊದಲು ಕೇಳುವುದು ಅಂಟುತ್ತಾ ಅಂತ. ನೋವಾಗುತ್ತಾ ಅಂತ ನಮ್ಮ ಅಮ್ಮನೂ ಕೇಳಿದ್ದು ನೆನಪಿಲ್ಲ. ಹೌದು, ಚಳಿಗಾಲದಲ್ಲಿ ಬಿರಿಯುತ್ತೆ ಅಂದೆ. ಅಷ್ಟು ಹೇಳಿ ಅಲ್ಲೇ ಅತ್ತುಬಿಟ್ಟೆ. ಕನ್ನಡಕ ಒರೆಸುವ ಬಟ್ಟೆಯನ್ನೇ ಕೊಟ್ಟರು, ಅದರಲ್ಲೇ ಮೂಗು ಒರೆಸಿಕೊಂಡೆ.

ಯೋಚಿಸಲು ಸ್ವಲ್ಪ ದಿನ ಬೇಕು ಅಂದಿದ್ದಾರೆ. ಹಾಗೆ ನೇರವಾಗಿ ಹೇಳಿದ್ದು ನನಗೆ ಇಷ್ಟವಾಯಿತು. ಹೂಂ ಅಂದರೆ ಸಂತೋಷ. ಬೇಡ ಅಂದರೆ ಅಳುತ್ತೇನೆ, ಸುಳ್ಳು ಯಾಕೆ ಹೇಳಲಿ. ಆದರೆ ಈ ಸಲ ಅವರಿಗೆ ಗೊತ್ತಾದದ್ದು ನನ್ನ ಬಾಯಿಂದ.

ಇಪ್ಪತ್ತಕ್ಕೆ ಆಸ್ಪತ್ರೆಗೆ ಬರುತ್ತೇನೆ. ವಾಸಿಯಾದ ಜಾಗದಿಂದ ಮೂರನೇ ಚೂರು ಕೊಡುತ್ತೀರಾ, ಬಲವಂತವಿಲ್ಲ ಅಂತ ಡಾಕ್ಟರಮ್ಮ ಕೇಳಿದ್ದಾರೆ. ಮೊಣಕೈಯಿಂದ ತೆಗೆಯಿರಿ ಅಂದಿದ್ದೇನೆ. ಆವತ್ತು ರಜೆ ಹಾಕಿ ಓಡಿಹೋಗಬೇಡ, ಪಕ್ಕದಲ್ಲಿ ಕೂತಿರು. ನಿನಗೆ ಬೊಜ್ಜು ಬಂದಿದೆಯಂತೆ, ಕೌಂಟರಿನ ಹುಡುಗಿ ಹೇಳಿದಳು. ಟೇಪು ತರುತ್ತೇನೆ.

ಒಂದು ಮಾತು ಎದುರಿಗೆ ಹೇಳಲು ನನ್ನಿಂದ ಆಗುವುದಿಲ್ಲ, ಇಲ್ಲೇ ಬರೆದುಬಿಡುತ್ತೇನೆ. ಅವರ ಅಂಗಡಿಯಿಂದ ಹೊರಗೆ ಬಂದು ರಸ್ತೆ ದಾಟಲು ಹೊರಟೆ. ನನಗೆ ಮೂವತ್ತೇಳು ವರ್ಷ, ನನ್ನದೇ ಚರ್ಮ, ನನ್ನದೇ ಮಾತು, ಆದರೂ ಹೇಳಲು ಅಷ್ಟು ಕಷ್ಟವಾಯಿತು. ರಸ್ತೆಯ ಮಧ್ಯೆ ಆ ಪೆಟ್ರೋಲ್ ಬಂಕಿನಲ್ಲಿ ನಿಂತಿದ್ದ ನೀನು ಕಣ್ಣ ಮುಂದೆ ಬಂದೆ. ನಾವಿಬ್ಬರು ದೊಡ್ಡವರು, ಅಮ್ಮನೂ ನಾನೂ, ಹೇಳಬೇಕಾದ್ದನ್ನು ಹೇಳದೆ ಮನೆಯೊಳಗೆ ಬಚ್ಚಿಟ್ಟುಕೊಂಡಿದ್ದೆವು. ಅದನ್ನು ಇಪ್ಪತ್ತು ವರ್ಷದ ಒಂದು ಹುಡುಗ ಒಬ್ಬನೇ ಹೊತ್ತುಕೊಂಡು ನಿಂತಿದ್ದ.

ನಿನ್ನ ಅಕ್ಕ